ಚಪ್ಪಾಳೆ ಬಿದ್ದ ಮೇಲೆ

ಆ ವಾರ ವಾಯ್ದಾಮು ಊರಿನಲ್ಲಿ ಯಾರನ್ನು ಮಾತಾಡಿಸಿದರೂ ಗಳಗಳ ಅಳುತ್ತಿದ್ದರು. ಪಾದ್ರಿ ಎಪಾರಾಮಾ ರಾಜಧಾನಿ ಸೂವಾದಿಂದ ಪ್ರಾರ್ಥನೆಯ ತಂಡ ಕಟ್ಟಿಕೊಂಡು ದೋಣಿಯಲ್ಲಿ ಬಂದಿಳಿದಿದ್ದರು. ಹವಳದ ದಿಬ್ಬದೊಳಗೆ ಮೀನು ಬರುತ್ತಿಲ್ಲ, ಹೊಳೆಯ ನೀರು ಕೆಟ್ಟಿದೆ, ಈ ನೆಲಕ್ಕೆ ರೋಗ ಹಿಡಿದಿದೆ, ಅದಕ್ಕೆ ನೀವು ಮುಚ್ಚಿಟ್ಟ ಪಾಪಗಳೇ ಕಾರಣ ಎಂದರು. ಉಪವಾಸ ಮಾಡಿ, ಪಾಪ ಹೇಳಿಕೊಂಡು, ಒಬ್ಬರನ್ನೊಬ್ಬರು ಕ್ಷಮಿಸಿದರೆ ದೇವರು ನೆಲವನ್ನು ಗುಣಪಡಿಸುತ್ತಾನೆ ಎಂದರು.

ಮೊದಲ ದಿನ ಎಲ್ಲರೂ ಚಾಪೆ ನೋಡಿಕೊಂಡು ಕೂತರು. ಮಾರನೆಯ ದಿನ ಒಬ್ಬ ಮುದುಕ ಎದ್ದು, ಹರೆಯದಲ್ಲಿ ಪಾದ್ರಿಮನೆಯ ಹಂದಿಮರಿಯನ್ನು ಹಿಡಿದು ಸುಟ್ಟು ತಿಂದವನು ನಾನೇ ಎಂದ. ಅಷ್ಟೇ ಸಾಕಾಯಿತು, ಕಟ್ಟೆ ಒಡೆಯಿತು. ಅತ್ತೆ ಸೊಸೆಯ ಕೈ ಹಿಡಿದು ಅತ್ತಳು. ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ತಬ್ಬಿಕೊಂಡರು. ಒಬ್ಬ ಪುಣ್ಯಾತ್ಮ ತನ್ನ ಪಾಪಗಳನ್ನು ಮುಗಿಸಿ ಹೆಂಡತಿಯದನ್ನೂ ಶುರುಮಾಡಿದಾಗ, ಅವಳೇ ಅಂಗಿ ಜಗ್ಗಿ ಅವನನ್ನು ಕೂರಿಸಿದಳು. ಗಂಡಸರು ಅಮಲೇರಿಸುವ ಯಂಗೋನಾ ಗಿಡಗಳನ್ನು ಬುಡಸಮೇತ ಕಿತ್ತು ಸುಟ್ಟರು. ಸಂಜೆಯಾದರೆ ಅದರ ಬೇರು ಕುಟ್ಟಿ ಕುಡಿಯದೆ ಬಾಯೇ ಬಿಡದಿದ್ದವರು ಆ ಬೆಂಕಿಯ ಸುತ್ತ ನಿಂತು ಅತ್ತರು. ಅದು ಪಶ್ಚಾತ್ತಾಪವೋ ಹೊಟ್ಟೆಯ ಸಂಕಟವೋ, ಬಲ್ಲವರು ಯಾರು?

ಅಳದೆ ಉಳಿದವಳು ತಾರೈವಿನಿ ಒಬ್ಬಳೇ. ಅವಳ ಕಣ್ಣೀರು ಮಗನ ಹಿಂದೆಯೇ ಹೋಗಿಬಿಟ್ಟಿತ್ತು.

ಊರಿನ ದೋಣಿಯ ಎಂಜಿನ್ ಕಳುವಾದ ರಾತ್ರಿ, ಕೊನೆಯದಾಗಿ ದಡದಲ್ಲಿ ಕಂಡವನು ಅವಳ ಮಗ ಅಪೋರೋಸಾ. ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸು. ಸಭೆಯ ಮನೆಯಲ್ಲಿ ಅವನನ್ನು ನಿಲ್ಲಿಸಿ, ಅವನ ದೊಡ್ಡಪ್ಪ, ಕುಲದ ಯಜಮಾನ ಜೊವೇಸಾ, ತಾನೇ ಬೆತ್ತ ಹಿಡಿದ. ನಾನು ತೆಗೆದಿಲ್ಲ ಎಂದು ಹುಡುಗ ಒಂದೇ ಸಮನೆ ಹೇಳುತ್ತಿದ್ದ. ಆಗ ತಾರೈವಿನಿ ಎಲ್ಲರ ಮುಂದೆ ಕೈಮುಗಿದು, "ತಗೊಂಡಿದ್ರೆ ಕೊಟ್ಬಿಡು ಮಗಾ, ನನ್ನ ಮಾನ ಉಳ್ಸು" ಅಂದಳು. ಅವನು ತಾಯಿಯ ಮುಖ ನೋಡಿದ. ಆಮೇಲೆ ಮಾತಾಡಲೇ ಇಲ್ಲ. ಕೊಬ್ಬರಿ ಒಯ್ಯುವ ಹಡಗು ಹತ್ತಿ ಹೋದವನು ಯಾವುದೋ ದೇಶದ ಮೀನುಹಡಗಿನಲ್ಲಿ ಕೆಲಸಕ್ಕೆ ಸೇರಿದ. ಮರುವರ್ಷ ಅಲೆ ಬಡಿದು ನೀರುಪಾಲಾದನೆಂದು ಸುದ್ದಿ ಬಂತು. ಹೂಳಲು ಹೆಣವೂ ಸಿಗಲಿಲ್ಲ. ಊರಿನ ನಾಲಿಗೆಯ ಮೇಲೆ ಮಾತ್ರ ಅವನು ಎಂಜಿನ್ ಕಳ್ಳನಾಗಿಯೇ ಉಳಿದ.

ಬುಧವಾರದ ಪ್ರಾರ್ಥನೆಯಲ್ಲಿ ಇಸಿಮೇಲಿ ಎದ್ದ. ನಾಲ್ಕು ಮಕ್ಕಳ ತಂದೆ, ದೇವಾಲಯದ ಗಂಟೆ ಹೊಡೆಯುವವನು. ಮೊಣಕಾಲೂರಿ, "ದೋಣಿ ಎಂಜಿನ್ ಕದ್ದಿದ್ದು ನಾನು. ಬೇರೆಯವ್ನ ಮೇಲೆ ಬಂತು. ನಾನು ಬಾಯಿ ಮುಚ್ಕೊಂಡಿದ್ದೆ. ಅವತ್ತಿಂದ ಒಂದ್ ದಿನಾನೂ ನೆಮ್ಮದಿಯಿಂದ ಮಲಗಿಲ್ಲ" ಎಂದು ಹಣೆಯನ್ನು ಚಾಪೆಗೆ ಚಚ್ಚಿಕೊಂಡ.

ತಾರೈವಿನಿ ತಲೆಯೆತ್ತಿದಳು. ಬೇರೆಯವನು! ಅವನಿಗೊಂದು ಹೆಸರಿತ್ತು. ಇವನು ಅದನ್ನು ಹೇಳಲಿ ಎಂದು ಅವಳು ಕಾದಳು. ಅಷ್ಟರಲ್ಲಿ ಇಸಿಮೇಲಿಯ ಚಿಕ್ಕಪ್ಪ ಸಿದ್ಧವಾಗಿಯೇ ತಂದಿದ್ದ ತಂಬುವಾವನ್ನು ಎರಡೂ ಕೈಯಲ್ಲಿ ಹಿಡಿದು ಜೊವೇಸಾನ ಮುಂದೆ ಕೂತ. ಹಳದಿ ತಿರುಗಿದ ತಿಮಿಂಗಿಲದ ಹಲ್ಲು, ಹೆಣೆದ ಹುರಿ. ನೊಂದವರ ಯಜಮಾನ ಅದನ್ನು ತೆಗೆದುಕೊಂಡು 'ಸ್ವೀಕರಿಸಿದ್ದೇವೆ' ಅಂದರೆ ಎಲ್ಲರೂ ಅಂಗೈ ಬಟ್ಟಲು ಮಾಡಿ ಚಪ್ಪಾಳೆ ಹೊಡೆಯುತ್ತಾರೆ. ಚಪ್ಪಾಳೆ ಬಿದ್ದ ಮೇಲೆ ಆ ವಿಷಯ ಸತ್ತಂತೆ. ಬೀದಿಯಲ್ಲಿರಲಿ, ಮನೆಯೊಳಗೂ ಎತ್ತುವಂತಿಲ್ಲ.

ಜೊವೇಸಾ ಹಲ್ಲನ್ನು ಹೆಚ್ಚುಕಡಿಮೆ ಕಿತ್ತುಕೊಂಡ. "ಸ್ವೀಕರಿಸಿದ್ದೇವೆ." ಚಪ್ಪಾಳೆ ಬಿತ್ತು. ಬೆತ್ತ ಹಿಡಿದ ಕೈಗೂ ಅದೇ ಚಪ್ಪಾಳೆಯಲ್ಲಿ ಬಿಡುಗಡೆ ಸಿಕ್ಕಿತು. ಜನ ಎದ್ದು ಹಾಡಿದರು, ಎಪಾರಾಮಾ ಎರಡೂ ಕೈ ಎತ್ತಿ ದೇವರಿಗೆ ಸ್ತೋತ್ರ ಹೇಳಿದರು. ತಾರೈವಿನಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಅವಳು ಜೊವೇಸಾನ ಮನೆಗೆ ಹೋಗಿ ಬಾಗಿಲಲ್ಲೇ ಕೂತಳು.

"ಒಂದೇ ಒಂದು ಕೇಳ್ತೀನಿ ಭಾವ. ಭಾನುವಾರ ಎದ್ದು ನಿಂತು, ನಮ್ಮ ಅಪೋರೋಸಾ ಕಳ್ಳ ಅಲ್ಲ ಅಂತ ಹೇಳು. ಇನ್ನೇನೂ ಬೇಡ."

"ಹೆಂಗ್ ಹೇಳ್ಲಮ್ಮಾ? ಮುಚ್ಚಿದ್ದನ್ನ ಮತ್ತೆ ಬಗೆದಂಗಾಗಲ್ವಾ?"

"ಅವನ ಹೆಸರನ್ನೇ ಯಾರೂ ಹೇಳ್ಲಿಲ್ವಲ್ಲ ಭಾವ."

"ಎಲ್ರಿಗೂ ಗೊತ್ತಾಯ್ತಲ್ಲ." ಜೊವೇಸಾ ಮುಖ ತಿರುಗಿಸಿದ. "ನನ್ನ ಕರುಳೂ ಕರುಳೇ ಕಣಮ್ಮಾ. ಬಿಟ್ಬಿಡು. ಸತ್ತೋನು ಬರ್ತಾನಾ?"

ಮಾರನೆಯ ಬೆಳಿಗ್ಗೆ ಅವಳ ಹಿತ್ತಲಲ್ಲಿ ಕೊಡಲಿಯ ಸದ್ದು. ಹೋಗಿ ನೋಡಿದರೆ ಇಸಿಮೇಲಿ ಸೌದೆ ಸೀಳುತ್ತಿದ್ದಾನೆ. ಉಪವಾಸದ ಹೊಟ್ಟೆಯಲ್ಲಿ ಬೆವರು ಇಳಿಸುತ್ತ, "ಅಮ್ಮಾ, ಇನ್ಮೇಲೆ ನಿಮ್ಮನೆ ಸೌದೆ, ಮೀನು, ಮರಗೆಣಸು, ಎಲ್ಲಾ ನನ್ನ ಹೊಣೆ. ನಾನೇ ನಿಮ್ಮ ಮಗ ಅಂದ್ಕೊಳ್ಳಿ" ಅಂದ. ನಾಟಕವಾಗಿದ್ದರೆ ಉಗಿದು ಕಳಿಸಬಹುದಿತ್ತು. ಅವನ ಕಣ್ಣಲ್ಲಿ ನಿಜವಾದ ನೀರಿತ್ತು. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೊಡಲಿಯ ಸದ್ದು ನಿಲ್ಲಲಿಲ್ಲ.

"ಪುಣ್ಯವಂತೆ ಅಕ್ಕಾ ನೀನು," ಪಕ್ಕದ ಮನೆಯ ಉನೈಸಿ ಬೇಲಿಯಾಚೆಯಿಂದ ಅಂದಳು. "ನನ್ನ ಹೊಟ್ಟೇಲಿ ಹುಟ್ಟಿದ್ದು ಮೂರಿವೆ, ಒಂದ್ ಕಡ್ಡಿ ಮುರಿದು ಹಾಕಲ್ಲ. ನಿಂಗೆ ನೋಡು, ಗಂಟೆ ಹೊಡಿಯೋನೇ ಮಗ ಆಗ್ಬಿಟ್ಟ!" ಅವಳದು ಒಳ್ಳೆಯ ಮನಸ್ಸು. ಹೇಳುವಾಗ ಹೊಟ್ಟೆಯಲ್ಲಿ ಕಿಂಚಿತ್ತೂ ವಿಷವಿರಲಿಲ್ಲ.

ಶುಕ್ರವಾರ ಬಲೆ ಬೀಸಿದವರು ಬರಿಗೈಯಲ್ಲಿ ಬಂದರು. ಇಷ್ಟೆಲ್ಲ ಅತ್ತ ಮೇಲೂ ದಿಬ್ಬದೊಳಗೆ ಮೀನಿಲ್ಲ. ಯಾರೂ ತಾರೈವಿನಿಯತ್ತ ಬೆರಳು ತೋರಿಸಲಿಲ್ಲ, ಆದರೆ ಹೊಳೆಗೆ ಹೋದರೆ ಹೆಂಗಸರ ಮಾತು ತಟ್ಟನೆ ನಿಲ್ಲುತ್ತಿತ್ತು. ಸಂಜೆಗೆ ಎಪಾರಾಮಾ ಮನೆಗೇ ಬಂದರು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಅಮ್ಮಾ, ಊರಲ್ಲಿ ಇನ್ನೂ ಒಂದು ಮನಸ್ಸು ಗಂಟು ಬಿಚ್ಚಿಲ್ಲ ಅಂತ ನಂಗೆ ಪ್ರಾರ್ಥನೇಲಿ ತೋರಿತು."

"ನಂದೇ ಇರ್ಬೇಕು ಪಾದ್ರಿಗಳೇ. ಏನ್ ಮಾಡ್ಲಿ? ಕ್ಷಮಿಸ್ತೀನಿ ಅಂತ ಹೇಳೋಕ್ ಹೋದ್ರೆ ಗಂಟಲಲ್ಲಿ ನನ್ನ ಮಗ ನಿಂತ್ಕೋತಾನೆ."

"ಭಾರಾನ ದೇವರ ಮೇಲೆ ಹಾಕ್ಬಿಡಿ. ಹಗುರಾಗ್ತೀರಿ."

ಹಗುರಾಗುವುದು ಅವಳಿಗೆ ಬೇಕಿರಲಿಲ್ಲ. ಆ ಭಾರವೊಂದೇ ಅವಳ ಪಾಲಿಗೆ ಉಳಿದಿದ್ದ ಮಗ. ಅದನ್ನು ಆ ಒಳ್ಳೆಯ ಮನುಷ್ಯನಿಗೆ ಹೇಗೆ ಹೇಳುವುದೆಂದು ತಿಳಿಯದೆ, ತಲೆಯಾಡಿಸಿ ಕಳಿಸಿಕೊಟ್ಟಳು.

ಅವರು ಹೋದ ಮೇಲೆ ಪೆಟ್ಟಿಗೆ ತೆಗೆದಳು. ಅವಳ ಮದುವೆಯಲ್ಲಿ ಅಪ್ಪನಿಗೆ ಗಂಡಿನ ಕಡೆಯವರು ಕೊಟ್ಟಿದ್ದ ತಂಬುವಾ ಅಲ್ಲಿತ್ತು. ಅಪ್ಪ ಸಾಯುವಾಗ ಅವಳ ಕೈಯಲ್ಲಿಟ್ಟು ಹೋಗಿದ್ದ. ಅವಳಿಗೆ ಒಂದು ದಾರಿ ಕಂಡಿತು. ಇಸಿಮೇಲಿಯ ತಪ್ಪು ಮುಚ್ಚಿಹೋಯಿತು. ಅವಳ ತಪ್ಪು ಇನ್ನೂ ತೆರೆದೇ ಇದೆಯಲ್ಲ! ಮಗನಿಗೆ ತಾನೇ ತಪ್ಪೊಪ್ಪಿಗೆ ಇಟ್ಟರೆ ಅವನ ಹೆಸರು ಹೇಳಲೇಬೇಕು, ನಡೆದದ್ದು ಹೇಳಲೇಬೇಕು. ತೆಗೆದುಕೊಳ್ಳಲು ಅವನು ಬರುವುದಿಲ್ಲ. ಹಲ್ಲು ಚಾಪೆಯ ಮೇಲೆ ಬಿದ್ದಿರುತ್ತದೆ. ಅದು ಅಲ್ಲಿ ಬಿದ್ದಿರುವಷ್ಟು ಕಾಲ, ಈ ಊರು ತನ್ನ ಮಗನಿಗೆ ಋಣಿ ಎಂಬುದನ್ನು ಎಲ್ಲರೂ ನೋಡುತ್ತಿರಬೇಕು.

ಭಾನುವಾರ ದೇವಾಲಯ ಕಿಕ್ಕಿರಿದಿತ್ತು. ಮುಂದುಗಡೆ ನೆಲಕ್ಕೂ ಹೊಳೆಗೂ ಸುರಿಯಲು ಮಂತ್ರಿಸಿದ ಉಪ್ಪು, ಎಣ್ಣೆ. ತಾರೈವಿನಿ ಎದ್ದು ನಡುವೆ ಬಂದಳು. ಅವಳ ಕೈಯಲ್ಲಿದ್ದದ್ದನ್ನು ಕಂಡು ಮುದುಕರು ಗುಸುಗುಟ್ಟಿದರು.

"ಹೆಂಗ್ಸು ತಂಬುವಾ ಹಿಡಿಯೋದಾ? ಎಲ್ಲಾದ್ರೂ ಉಂಟಾ?"

"ಬಿಡಿ, ಬಿಡಿ," ಎಪಾರಾಮಾ ಕೈ ಎತ್ತಿದರು. "ಆತ್ಮನ ಕೆಲಸ ಇದು. ತಡೀಬೇಡಿ."

ಅವಳು ಖಾಲಿ ಚಾಪೆಯ ಕಡೆ ತಿರುಗಿ ಮೊಣಕಾಲೂರಿದಳು. "ಇದು ನನ್ನ ಮಗ ಅಪೋರೋಸಾನಿಗೆ," ಅಂದಳು. ಎಷ್ಟೋ ವರ್ಷಗಳ ಮೇಲೆ ಆ ಹೆಸರು ಊರಿನ ಕಿವಿಗೆ ಬಿತ್ತು. "ನೀನು ಇಲ್ಲ ಇಲ್ಲ ಅಂತಿದ್ದಾಗ ಇಡೀ ಊರು ನಂಬಲಿಲ್ಲ ಮಗಾ. ಹೆತ್ತ ನಾನೂ ನಂಬಲಿಲ್ಲ. ಎಲ್ರ ಮುಂದೆ ನಿನ್ನ ಕೈಬಿಟ್ಟೆ. ಇದನ್ನ ನಿನ್ನ ಮುಂದೆ ಇಡ್ತಾ ಇದೀನಿ. ನೀನು ಬಂದು ತಗೊಳ್ಳೋವರೆಗೂ ಇದನ್ನ ಯಾರೂ..."

ಮುಟ್ಟಬಾರದು ಎನ್ನಲು ಅವಳಿಗೆ ಸಮಯ ಸಿಗಲಿಲ್ಲ. ಜೊವೇಸಾ ದಡಬಡಿಸಿ ಬಂದು ಅವಳ ಎದುರು ಕುಸಿದು ಕೂತ. ಮುದುಕನ ಮುಖವೆಲ್ಲ ಕಣ್ಣೀರು. "ಸಾಕಮ್ಮಾ, ಸಾಕು ತಾಯಿ" ಎಂದು ಬಿಕ್ಕುತ್ತ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಲ್ಲನ್ನು ತೆಗೆದುಕೊಂಡ. ಮಗುವಿನ ಕೈಯಿಂದ ಚಾಕು ಬಿಡಿಸಿಕೊಳ್ಳುವಾಗಿನ ನಾಜೂಕು ಅವನ ಕೈಯಲ್ಲಿತ್ತು.

"ಅಪೋರೋಸಾನ ಪರವಾಗಿ, ಅವನ ಕುಲದ ಪರವಾಗಿ, ಸ್ವೀಕರಿಸಿದ್ದೇವೆ."

ಬೇಡ ಎಂದು ಅವಳು ಕೂಗಿದಳು. ಕೂಗಿದೆ ಅಂದುಕೊಂಡಳು. ಅಷ್ಟರಲ್ಲಿ ಚಪ್ಪಾಳೆ ಬಿದ್ದಿತ್ತು. ಇಡೀ ಊರು ಅಂಗೈ ಬಟ್ಟಲು ಮಾಡಿ ಹೊಡೆದ ಚಪ್ಪಾಳೆ. ಅದಕ್ಕಿಂತ ಪ್ರೀತಿಯ ಚಪ್ಪಾಳೆ ಆ ದೇವಾಲಯದಲ್ಲಿ ಹಿಂದೆಂದೂ ಬಿದ್ದಿರಲಿಲ್ಲ. ಹೆಂಗಸರು ಓಡಿ ಬಂದು ಅವಳನ್ನು ತಬ್ಬಿದರು. ಇಸಿಮೇಲಿ ಅವಳ ಪಾದದ ಬಳಿ ಮಗುವಿನಂತೆ ಅಳುತ್ತಿದ್ದ. ಅಳದೆ ಉಳಿದಿದ್ದವಳೂ ಈಗ ಅಳುತ್ತಿದ್ದಳು. ಕೊನೆಯ ಗಂಟೂ ಬಿಚ್ಚಿತೆಂದು ಎಪಾರಾಮಾ ಹಾಡು ಎತ್ತಿದರು.

ಸೋಮವಾರ ಮಧ್ಯಾಹ್ನ ದಿಬ್ಬದೊಳಗೆ ಮೀನು ಬಂತು. ನೀರು ಬೆಳ್ಳಗಾಗುವಷ್ಟು ಬಂತು. ಊರೆಲ್ಲ ದಡಕ್ಕೆ ಓಡಿತು, ಪ್ರಾರ್ಥನೆಯ ತಂಡ ದೋಣಿ ಹತ್ತುವುದನ್ನೂ ಮರೆಯಿತು. ಮೊದಲ ಬಲೆಯ ದೊಡ್ಡ ಮೀನನ್ನು ಇಸಿಮೇಲಿ ತಂದು ತಾರೈವಿನಿಯ ಬಾಗಿಲಲ್ಲಿ ಇಟ್ಟು ಹೋದ.

ಅವಳು ಹಿತ್ತಲಲ್ಲಿ ಕೂತು ಮೀನಿನ ಪೊರೆ ತೆಗೆಯುತ್ತಿದ್ದಳು. ತೆಂಗಿನಹಾಲಿನ ಪಾತ್ರೆ ಹಿಡಿದು ಉನೈಸಿ ಬಂದು ಪಕ್ಕದಲ್ಲಿ ಕೂತಳು.

"ಈ ಮೀನಂದ್ರೆ ಅಪೋರೋಸಾನಿಗೆ..." ತಾರೈವಿನಿ ಶುರುಮಾಡಿದಳು.

ಉನೈಸಿ ಮೆಲ್ಲಗೆ ಅವಳ ಮೊಣಕೈ ಮುಟ್ಟಿದಳು. "ಬೇಡ ಅಕ್ಕಾ. ಮುಗೀತಲ್ಲ."

"ಹೂಂ," ಅಂದಳು ತಾರೈವಿನಿ. "ಮುಗೀತು." ತಲೆ ತಗ್ಗಿಸಿ ಮೀನಿನ ಇನ್ನೊಂದು ಮಗ್ಗುಲು ತಿರುಗಿಸಿಕೊಂಡಳು.