ಹೂಂಗುಟ್ಟುವ ಬಸವೇಶ

‘ಹೂಂ’ ಎಂಬ ಒಂದಕ್ಷರವನ್ನು ಬಸವೇಶನಷ್ಟು ಬಗೆಬಗೆಯಾಗಿ ಉಚ್ಚರಿಸಬಲ್ಲ ಇನ್ನೊಬ್ಬ ಮನುಷ್ಯನನ್ನು ನಾನು ಹಾಸನದ ಸೀಮೆಯಲ್ಲಿ ಕಂಡಿಲ್ಲ. ಮೂಗಿನಲ್ಲಿ ಹುಟ್ಟಿ ಎದೆಗೆ ಇಳಿಯುವ ಹೂಂ ಒಂದು, ಅದು ಕತೆ ಶುರುವಾಗಲಿ ಎಂಬುದಕ್ಕೆ. ಗಂಟಲಲ್ಲೇ ಅರ್ಧಕ್ಕೆ ಮುರಿದು ನಿಲ್ಲುವುದು ಇನ್ನೊಂದು, ಅದು ಭಯಕ್ಕೆ. ಉದ್ದಕ್ಕೆ ಎಳೆದು ಕೊನೆಯಲ್ಲಿ ತುಸು ಮೇಲೇರುವುದು ಮತ್ತೊಂದು, ಅದರ ಬೆನ್ನಿಗೇ ‘ಆಮ್ಯಾಕೆ?’, ಅಂದರೆ ಆಮೇಲೆ ಏನಾಯಿತು ಎಂಬ ಪ್ರಶ್ನೆ. ಆ ‘ಆಮ್ಯಾಕೆ’ಯನ್ನು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ನರಮನುಷ್ಯರಿಂದ ಆಗುವ ಕೆಲಸವಲ್ಲ. ನಾಲ್ಕು ದಪ್ಪ ಕಾದಂಬರಿಗಳನ್ನು ಬರೆದು ನಾನು ಗಳಿಸಲಾಗದ ಜನಪ್ರೀತಿಯನ್ನು ಈ ಮಹಾಶಯ ಒಂದಕ್ಷರದಿಂದ ಗಳಿಸಿಕೊಂಡ. ನೆನೆದರೆ ಹೊಟ್ಟೆ ಉರಿಯುತ್ತದೆ, ಅದನ್ನು ಮುಚ್ಚಿಟ್ಟು ಈ ಚಿತ್ರ ಬರೆಯಲು ನನ್ನಿಂದಾಗದು.

ನಾನು ಹೊಳೆನರಸೀಪುರದ ಕಾಲೇಜೊಂದರಲ್ಲಿ ಚರಿತ್ರೆಯ ಮೇಷ್ಟ್ರು, ಮನೆ ಹಾಸನದಲ್ಲಿ. ಬಸ್ಸಿನ ಓಡಾಟದ ನಡುವೆ ಯೋಚಿಸಿ ಯೋಚಿಸಿ ‘ನೆರಳಿಲ್ಲದವರ ಕೋಟೆ’ ಎಂಬ ಕರಾಳವೂ ಅದ್ಭುತವೂ ಆದ ಕಥಾಮಾಲೆಯನ್ನು ಬರೆದೆ. ಮೃತ್ಯುವು ಮನುಷ್ಯನನ್ನು ಗುರುತಿಸುವುದು ನೆರಳಿನಿಂದ ಎಂದು ತಿಳಿದ ಚಾಗರಸನೆಂಬ ರಾಜ ತನ್ನ ನೆರಳನ್ನೂ ಕೋಟೆಯ ಸಕಲ ಚರಾಚರಗಳ ನೆರಳನ್ನೂ ಕೀಳಿಸಿಹಾಕುತ್ತಾನೆ. ಜಾಲಿಮುಳ್ಳಿನಿಂದ ನೆರಳು ಬಿಡಿಸಿ ಮಡಕೆಯಲ್ಲಿ ತುಂಬುವ ಆ ವಿದ್ಯೆ ಬಲ್ಲವಳು ಕೆಂಚವ್ವೆ. ಕೆಲಸ ಮುಗಿದ ಮೇಲೆ ಗುಟ್ಟು ಬಯಲಾದೀತೆಂದು ರಾಜ ಅವಳ ಮನೆಮಂದಿಯನ್ನೆಲ್ಲ ಕೊಲ್ಲಿಸುತ್ತಾನೆ, ಅವಳೊಬ್ಬಳು ತಪ್ಪಿಸಿಕೊಳ್ಳುತ್ತಾಳೆ. ನಾಲ್ಕನೆಯ ಸಂಪುಟದ ಕೊನೆಗೆ ಅವಳು ರಾಜನ ನೆರಳಿರುವ ಮಡಕೆಯನ್ನು ಸೊಂಟದ ಮೇಲಿಟ್ಟುಕೊಂಡು ಕೋಟೆಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅವಳು ಅಲ್ಲಿ ನಿಂತವಳು ನಿಂತೇ ಇದ್ದಳು, ನನ್ನ ಐದನೆಯ ಸಂಪುಟ ಮಾತ್ರ ವರ್ಷಗಳು ಉರುಳಿದರೂ ಹುಟ್ಟಲಿಲ್ಲ. ಹೀಗೆ ನಾನು ಕೈಕಟ್ಟಿ ಕುಳಿತಿದ್ದಾಗಲೇ ಟೀವಿ ವಾಹಿನಿಯೊಂದು ಹಕ್ಕು ಕೊಂಡು, ಕಾದಂಬರಿಗಳನ್ನು ಸರಣಿಯಾಗಿ ಬರೆಯಲು ಬಾಗೂರಿನ ಬಸವೇಶನನ್ನು ನನ್ನ ಮನೆಗೆ ಅಟ್ಟಿತು.

ಬೇಸಗೆಯ ಬಿಸಿಲಲ್ಲಿ ಉಣ್ಣೆಯ ಕೋಟು ತೊಟ್ಟು ಬಂದಿದ್ದ. ಕೊಬ್ಬರಿ ವ್ಯಾಪಾರಿಯಾಗಿದ್ದ ಅವನ ತಂದೆ ಈಶ್ವರಯ್ಯನವರು ಸಂತೆಗೆ ಹೋಗುವಾಗ ತೊಡುತ್ತಿದ್ದ ಕೋಟಂತೆ ಅದು. ತೋಳು ಗಿಡ್ಡ, ಹೆಗಲು ಬಿಗಿ, ಜೇಬುಗಳು ಮಾತ್ರ ಚೀಲದಷ್ಟು ಆಳ. ಆ ಜೇಬಿನಲ್ಲಿ ಸದಾ ಕೊಬ್ಬರಿ ಚೂರು, ಬೆಲ್ಲದ ಉಂಡೆ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯುತ್ತಿದ್ದರೂ ಕೋಟು ಬಿಚ್ಚುವವನಲ್ಲ. ನಡೆಯುವಾಗ, ರಸ್ತೆ ಎಷ್ಟೇ ಅಗಲವಿರಲಿ, ಜೊತೆಗಾರನಿಂದ ಅರ್ಧ ಹೆಜ್ಜೆ ಹಿಂದೆ ಉಳಿದು ಕಿವಿಯನ್ನು ಅವನ ಭುಜಕ್ಕೆ ಹತ್ತಿರ ತರುತ್ತಾನೆ. ನಾನು ನಿಂತು ಅವನನ್ನು ಮುಂದೆ ಬಿಟ್ಟರೆ ಅವನೂ ನಿಂತುಬಿಡುತ್ತಿದ್ದ.

ನಾಲ್ಕೂ ಸಂಪುಟಗಳಿಗೆ ಸಹಿ ಹಾಕಿ ಅವನ ಮುಂದಿಟ್ಟೆ. ಕಣ್ಣಿಗೊತ್ತಿಕೊಂಡು ನನ್ನ ಮೇಜಿನ ಮೇಲೆಯೇ ಮರಳಿ ಇಟ್ಟ.

“ನಾನು ಓದಕಿಲ್ಲ ಸಾ. ಓದಿದ್ರೆ ನಿಮ್ಮ ಮಾತೇ ನನ್ನ ಬಾಯಿಗೆ ಬಂದ್ಬುಡ್ತದೆ. ಓದಿರೋರು ಯಾರ್ ಯಾರವ್ರೆ, ಅವ್ರ ವಿಳಾಸ ಕೊಡಿ ಸಾಕು.”

ಇದು ಅವನ ಕಸುಬಿನ ಕ್ರಮ. ಓದಿದವರ ಮನೆಗೆ ಹೋಗಿ ಚಾಪೆಯ ಮೇಲೆ ಕೂರುವುದು, ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಕತೆ ಹೇಳಿಸುವುದು, ತಾನು ಹೂಂಗುಟ್ಟುವುದು, ಹೇಳುವವರ ಬಾಯಿ ಒಣಗಿದರೆ ಕೊಬ್ಬರಿ ಬೆಲ್ಲ ಕೊಡುವುದು. ನಮ್ಮ ಕಡೆ ಅಜ್ಜಿಯರು ಹೂಂ ಅನ್ನುವವರಿಲ್ಲದೆ ಕತೆ ಹೇಳುತ್ತಿರಲಿಲ್ಲ. ಮಕ್ಕಳ ಹೂಂ ನಿಂತಿತೋ, ನಿದ್ದೆ ಬಂತೆಂದು ಕತೆಯೂ ನಿಲ್ಲುತ್ತಿತ್ತು. ಆ ಹಳೆಯ ಪದ್ಧತಿಯನ್ನೇ ಈತ ಟೀವಿಯ ಉದ್ಯೋಗಕ್ಕೆ ಹೂಡಿದ್ದ. ಎಲ್ಲರೂ ಮರೆತದ್ದನ್ನು ಸರಣಿಯಿಂದ ಬಿಟ್ಟ, ಎಲ್ಲರೂ ಸೇರಿಸಿದ್ದನ್ನು ಉಳಿಸಿಕೊಂಡ.

ಎರಡನೆಯ ಸಂಪುಟದಲ್ಲಿ ಚಾಗರಸನ ವಂಶಾವಳಿಯ ಅಧ್ಯಾಯವೊಂದಿದೆ. ಶಾಸನಗಳ ಧಾಟಿಯನ್ನು ಅರಗಿಸಿಕೊಂಡು ಬರೆದ ಅದರ ಗಂಭೀರ ಗದ್ಯವೇ ನನ್ನ ಸಾಹಿತ್ಯಜೀವನದ ಶಿಖರವೆಂದು ನಾನು ತಿಳಿದಿದ್ದೆ. ಹಾಸನದಲ್ಲಾಗಲಿ ಚನ್ನರಾಯಪಟ್ಟಣದಲ್ಲಾಗಲಿ ಅದು ಒಬ್ಬರ ಬಾಯಲ್ಲೂ ಬರಲಿಲ್ಲವಂತೆ. ಬದಲಿಗೆ ಕಟ್ಟಾಯದ ನಿವೃತ್ತ ಶಾಲಾಮೇಡಂ ದಾಕ್ಷಾಯಣಮ್ಮನವರಿಂದ ಹಿಡಿದು ಎಲ್ಲರೂ ಕೆಂಚವ್ವೆ ಕುಂಟುತ್ತಾಳೆಂದು ಹೇಳಿದ್ದರು. ನಾನು ಹಾಗೆ ಬರೆದೇ ಇಲ್ಲವೆಂದು ಜಗಳಕ್ಕೆ ನಿಂತೆ. ಬಸವೇಶ ಹೂಂ ಅಂದ, ಅಷ್ಟೇ. ಆಮೇಲೆ ನಾಲ್ಕೂ ಸಂಪುಟ ಜಾಲಾಡಿದಾಗ ನನಗೇ ಹೊಳೆಯಿತು: ಅವಳ ಒಂದು ಕಾಲಿಗೆ ಮಾತ್ರ ಕಡಗವಿದೆ, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ ಸದ್ದಾಗುತ್ತದೆ ಎಂದು ಬರೆದವನು ನಾನೇ. ಓದಿದವರು ಆ ಸದ್ದು ಕೇಳಿ ಅವಳನ್ನು ಕುಂಟಿಸಿದ್ದರು. ಸರಣಿಯಲ್ಲಿ ಆ ಕುಂಟುನಡಿಗೆ ಕತ್ತಲ ಓಣಿಯಲ್ಲಿ ಬರುವಾಗ ನನ್ನ ಮೈಯೂ ಜುಮ್ಮೆಂದಿತು, ಹಾಳಾದ್ದು.

ಸರಣಿ ಬಂದದ್ದೇ ಬಂದದ್ದು, ಬಸವೇಶ ಸೀಮೆಗೆಲ್ಲ ಮನೆಮಗನಾಗಿಬಿಟ್ಟ. ಅರಕಲಗೂಡಿನಲ್ಲಿ ನಮ್ಮಿಬ್ಬರಿಗೂ ಸನ್ಮಾನವಿತ್ತು. ಜನ ಅವನನ್ನು ಸುತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಹೆಂಗಸೊಬ್ಬರು ನನ್ನ ಶಾಲಿನ ಕಡೆ ನೋಡಿ, “ನೀವೂ ಬಸವೇಶಪ್ಪಾರ ಕಡೆಯೋರಾ?” ಎಂದರು. ಪಕ್ಕದಲ್ಲಿದ್ದವರು ತಿದ್ದಿದರು: “ಅಯ್ಯೋ, ಸೀರಿಯಲ್ ನೋಡ್ಕಂಡು ಬುಕ್ಕು ಬರ್ದವ್ರೆ ಕಣಕ್ಕ ಇವ್ರು.” ನಾನು ನಕ್ಕೆ. ಹೊದಿಸಿದ ಶಾಲು ಮೈಗೆ ಮುಳ್ಳಿನಂತೆ ಚುಚ್ಚುತ್ತಿತ್ತು. ವೇದಿಕೆಯಲ್ಲಿ ಅವನಿಗೆ ಮಾತಾಡಲು ಹೇಳಿದರೆ ಎದ್ದು ಕೈಮುಗಿದು ಕುಳಿತುಬಿಟ್ಟ, ಅದಕ್ಕೂ ಚಪ್ಪಾಳೆ. ನಾನು ಅರ್ಧ ಗಂಟೆ ಮಾತಾಡಿದೆ.

ಇದೆಲ್ಲವನ್ನೂ ನುಂಗಿಕೊಳ್ಳಬಹುದಿತ್ತು. ನುಂಗಲಾಗದ್ದು ನಡೆದದ್ದು ನನ್ನ ಮನೆಯಲ್ಲೇ. ಒಂದು ಸಂಜೆ ಕಾಲೇಜಿನಿಂದ ಬಂದು ಚಪ್ಪಲಿ ಬಿಡುತ್ತಿದ್ದೆ, ಒಳಗಿನಿಂದ ಆ ಉದ್ದನೆಯ ಹೂಂ ಕೇಳಿಸಿತು. ನನ್ನ ಹೆಂಡತಿ ಶಿವರಂಜನಿ ಅವರೆಕಾಯಿ ಸುಲಿಯುತ್ತ ಮೂರನೆಯ ಸಂಪುಟದ ಕತೆ ಹೇಳುತ್ತಿದ್ದಳು. ಕೆಂಚವ್ವೆ ಸತ್ತ ಮಗುವಿನ ನೆರಳನ್ನು ಬಿಸಿಲಿಗೆ ಹರಡಿ ಅದರ ಪಕ್ಕ ಮಲಗುವ ಸನ್ನಿವೇಶ. ನಾನು ಅರ್ಧ ಪುಟದಲ್ಲಿ ಮುಗಿಸಿದ್ದು. ಇವಳ ಬಾಯಲ್ಲಿ ಕೆಂಚವ್ವೆ ಆ ನೆರಳಿಗೆ ಹಾಲು ಕುಡಿಸಲು ನೋಡಿದಳು, ಮೋಡ ಬಂದಾಗ ಆಕಾಶಕ್ಕೆ ಶಾಪ ಹಾಕಿದಳು, ಹೀಗೆ ಶಿವರಂಜನಿ ಎಲ್ಲಿಂದಲೋ ಏನೇನನ್ನೋ ತಂದು ಸೇರಿಸಿದಳು. ನಾನು ಬಾಗಿಲಲ್ಲೇ ನಿಂತೆ. ಪುಸ್ತಕ ಬಂದಾಗಲೆಲ್ಲ “ಚೆನ್ನಾಗಿದೆ” ಎಂಬ ಒಂದು ಮಾತಿನ ಹೊರತು ಈ ಹೆಂಗಸು ನನಗೆ ಇನ್ನೇನನ್ನೂ ಹೇಳಿರಲಿಲ್ಲ.

ಅವನು ಹೋದ ಮೇಲೆ ಕೇಳಿದೆ, “ಇಷ್ಟೆಲ್ಲ ನನಗ್ಯಾಕೆ ಹೇಳಲಿಲ್ಲ?”

“ನೀವು ಹೇಳ್ತಾನೇ ಇರ್ತೀರಿ. ಯಾವತ್ತಾದ್ರೂ ಕೇಳಿದ್ದೀರಾ?” ಅಂದಳು. ಕೋಪವಿಲ್ಲದೆ ಅಂದಳು, ಸಿಪ್ಪೆ ಗುಡಿಸುತ್ತ.

ಗಂಡಸಿಗೆ ಗಂಡಸಿನ ಮೇಲೆ ಹುಟ್ಟುವ ಸಾಮಾನ್ಯ ಮತ್ಸರವಾಗಿದ್ದರೆ ವಾಸಿಯಿತ್ತು, ಜಗಳವಾಡಿ ಹಗುರಾಗಬಹುದಿತ್ತು. ಅವನು ನನ್ನ ಮನೆಯಿಂದ ಎತ್ತಿಕೊಂಡು ಹೋದದ್ದು ನನ್ನದೆಂದು ನನಗೇ ತಿಳಿಯದಿದ್ದ ವಸ್ತು.

ಸರಣಿ ನಾಲ್ಕನೆಯ ಸಂಪುಟದ ಅಂಚಿಗೆ ಬಂತು. ಇನ್ನು ಮುಂದಕ್ಕೆ ಕಾದಂಬರಿಯಿಲ್ಲ. ವಾಹಿನಿಯವರಿಗೆ ಅಂತ್ಯ ಬೇಕು. ನಾನು ಬರೆಯುವ ಮೊದಲೇ ಅವನು ಮುಗಿಸಿಬಿಟ್ಟರೆ ಆಮೇಲೆ ನಾನು ಬರೆಯುವುದು ಏನನ್ನು? ಬಸವೇಶ ಬಂದು, “ಕಡೆಗೇನಾಯ್ತದೆ ಸಾ?” ಎಂದು ಕೇಳಿದಾಗ ಮೊದಲೆರಡು ಸಲ ಹಾರಿಕೆಯ ಉತ್ತರ ಕೊಟ್ಟೆ. ಮೂರನೆಯ ಸಲ ನನ್ನ ತಲೆಗೊಂದು ದುಷ್ಟ ಆಲೋಚನೆ ಹೊಕ್ಕಿತು. ಇವನಿಗೆ ಕೆಲಸಕ್ಕೆ ಬಾರದ ಸುಳ್ಳು ಅಂತ್ಯವೊಂದನ್ನು ಹೇಳಿಬಿಡೋಣ, ಅದನ್ನೇ ಚಿತ್ರಿಸಲಿ, ಜನ ಮುಖಕ್ಕೆ ಉಗಿಯಲಿ.

ಅವತ್ತು ಕೊರವಂಗಲದಲ್ಲಿದ್ದೆವು. ಚಿತ್ರೀಕರಣಕ್ಕೆ ಜಾಗ ತೋರಿಸಿರೆಂದು ಕರೆದೊಯ್ದಿದ್ದ. ಮಧ್ಯಾಹ್ನದ ಬಿಸಿಲು, ಬೂಚೇಶ್ವರನ ಗುಡಿಯ ಗೋಡೆಯ ಬುಡದಲ್ಲಿ ಇಬ್ಬರು ಒತ್ತಿ ಕೂರುವಷ್ಟೇ ನೆರಳು. ಅವನು ಕೊಬ್ಬರಿ ಬೆಲ್ಲ ನನ್ನ ಕೈಗಿಟ್ಟ. ನಾನು ಶುರುಮಾಡಿದೆ.

“ಕೆಂಚವ್ವೆ ಸೇಡು ತೀರಿಸಿಕೊಳ್ಳೋದಿಲ್ಲ. ಮಡಕೆ ಬಾಯಿ ಬಿಚ್ಚಿ ರಾಜನಿಗೆ ನೆರಳು ವಾಪಸ್ ಕೊಟ್ಟುಬಿಡ್ತಾಳೆ.”

ನಾಲ್ಕು ಸಂಪುಟ ಸೇಡಿಗಾಗಿ ಕಾದವರಿಗೆ ಇದಕ್ಕಿಂತ ದೊಡ್ಡ ಮೋಸವಿಲ್ಲ ಎಂಬುದು ನನ್ನ ಲೆಕ್ಕಾಚಾರ. ಬಸವೇಶ, “ಹೂಂ... ಆಮ್ಯಾಕೆ?” ಎಂದ.

ಆಮೇಲೆ ಏನು? ಏನಾದರೂ ಹೇಳಲೇಬೇಕಿತ್ತು. ನೆರಳು ಬಂದು ಕಾಲಿಗೆ ಅಂಟಿಕೊಂಡಿತು, ರಾಜನಿಗೆ ಅದರ ಭಾರ ಮರೆತುಹೋಗಿತ್ತು, ಹೆಜ್ಜೆ ಎತ್ತಲಾಗದೆ ಅಂಗಳದ ನಡುವೆ ನಿಂತ ಎಂದೆ. ಹೂಂ. ಇನ್ನು ಮೃತ್ಯು ಅವನನ್ನು ಗುರುತಿಸಬಲ್ಲದು, ಹೊರಟಿದೆ, ದಾರಿಯಲ್ಲಿದೆ ಎಂದೆ. ಅರ್ಧಕ್ಕೆ ಮುರಿದ ಆ ಭಯದ ಹೂಂ. ಕೋಟೆಯಲ್ಲಿ ಮರಕ್ಕೆ ನೆರಳಿಲ್ಲ, ಗೋಡೆಗೆ ನೆರಳಿಲ್ಲ, ಅಷ್ಟು ದೂರ ನಡೆದು ಬಂದವಳಿಗೆ ಆಯಾಸ, ನೆತ್ತಿ ಸುಡುವ ಬಿಸಿಲು. ಕೋಟೆಯಲ್ಲೆಲ್ಲ ಇದ್ದದ್ದು ಅದೊಂದೇ ನೆರಳು. ಕೆಂಚವ್ವೆ ಹೋಗಿ ರಾಜನ ನೆರಳಿನಲ್ಲಿ ಕುಳಿತುಕೊಂಡಳು. ಹೂಂ, ಆಮ್ಯಾಕೆ? ರಾಜ ಓಡಿಹೋಗಬಹುದಿತ್ತು. ಓಡಿದರೆ ಅವಳ ಮೇಲೆ ಬಿಸಿಲು ಬೀಳುತ್ತದೆ. ಓಡಲಿಲ್ಲ, ನಿಂತ.

ನನ್ನ ಬಾಯಿಂದ ಹೊರಟ ಮಾತು ನನಗೇ ಕೇಳಿಸಿತು. ವರ್ಷಗಟ್ಟಲೆ ಹುಡುಕಿದ ಅಂತ್ಯ ಅದೇ ಆಗಿತ್ತು. ಬಸವೇಶ ಈ ಸಲ ಹೂಂ ಅನ್ನಲಿಲ್ಲ. ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡ.

“ಅದು ಸುಳ್ಳು ಕಣಯ್ಯ,” ಎಂದೆ. “ನಿನ್ನ ಸರಣಿ ಕೆಡಿಸೋಕೆ ಹೇಳಿದೆ.”

“ಗೊತ್ತಾಯ್ತು ಸಾ. ಸುರೂನಾಗ ನನ್ ಮುಖಾನೇ ನೋಡ್ತಾ ಯೋಳ್ತಿದ್ರಿ, ನಾನು ನಂಬ್ತೀನೋ ಇಲ್ವೋ ಅಂತ. ಆಮ್ಯಾಕೆ ಎಲ್ಲೋ ನೋಡಕ್ ಸುರು ಮಾಡಿದ್ರಿ. ಅಲ್ಲಿಂದ ನಿಜವೇ.”

ನಾಚಿಕೆ ಬಿಟ್ಟು ಬೇಡಿದೆ: ಇದನ್ನು ತೆಗೆದುಕೊಳ್ಳಬೇಡ, ನನಗೆ ಬಿಟ್ಟುಬಿಡು. ಅವನು ಎದ್ದು ಕೋಟಿನ ಧೂಳು ಕೊಡವಿ, “ನಿಮ್ದೇ ಅಲ್ವಾ ಸಾ,” ಎಂದು ಅರ್ಧ ಹೆಜ್ಜೆ ಹಿಂದೆ ನಡೆಯತೊಡಗಿದ. ಹೇಳಿದಂತೆಯೇ ನಡೆದುಕೊಂಡ. ಕೋಟೆಯ ಬಾಗಿಲಲ್ಲಿ ನಿಂತ ಕೆಂಚವ್ವೆಯ ಬೆನ್ನನ್ನು ತೋರಿಸಿ ಸರಣಿ ಮುಗಿಸಿದ. ವಾಹಿನಿಯವರು ಕೂಗಾಡಿದರು, ಅರಕಲಗೂಡಿನ ಜನ ಫೋನು ಮಾಡಿ ಬೈದರು, ಎಲ್ಲರಿಗೂ ಅವನದು ಒಂದೇ ಉತ್ತರ, “ಬುಕ್ಕು ಬತ್ತದೆ, ತಡೀರಿ.” ಮುಂದಿನ ಸರಣಿಯನ್ನು ವಾಹಿನಿ ಬೇರೆಯವರಿಗೆ ಕೊಟ್ಟಿತು. ಇಷ್ಟು ಒಳ್ಳೆಯವನಾಗಿ ನನ್ನನ್ನು ಇನ್ನಷ್ಟು ಉರಿಸುವ ಅಗತ್ಯವೇನಿತ್ತು ಅವನಿಗೆ?

ಐದನೆಯ ಸಂಪುಟ ಅಚ್ಚಾಗಿ ಬಂದ ದಿನ ಶಿವರಂಜನಿಯನ್ನೂ ಕರೆದುಕೊಂಡು ಬಾಗೂರಿಗೆ ಹೋದೆ. ಪ್ರತಿಯನ್ನು ಕಣ್ಣಿಗೊತ್ತಿಕೊಂಡ, ಗೂಡಿನಲ್ಲಿಟ್ಟ, ಚಾಪೆ ಹಾಸಿದ. ಕೊಬ್ಬರಿ ಬೆಲ್ಲವನ್ನು ನನ್ನ ಹೆಂಡತಿಯ ಮುಂದೆ ಹಿಡಿದು, “ಯೋಳಿ ಅಕ್ಕಾರೆ,” ಎಂದ.

ಅವಳು ಹೇಳಿದಳು. ಈ ಸಂಪುಟದಲ್ಲೂ ನಾನು ಬಿಡದೆ ಸೇರಿಸಿದ್ದ ವಂಶಾವಳಿಯನ್ನು ಹಾರಿಸಿದಳು, ಎರಡು ಯುದ್ಧಗಳನ್ನು ಒಂದು ಮಾಡಿದಳು. ತಿದ್ದಲು ಬಾಯಿ ತೆರೆದಾಗಲೆಲ್ಲ ಬಸವೇಶ ಮೆಲ್ಲಗೆ ನನ್ನ ಮೊಣಕಾಲು ಒತ್ತಿ, “ಹೂಂ ಅನ್ನಿ ಸಾ,” ಎನ್ನುತ್ತಿದ್ದ. ಮೊದಲ ಹೂಂ ಕೆಮ್ಮಿನಂತೆ ಹೊರಟಿತು, ಎರಡನೆಯದು ಪರವಾಗಿಲ್ಲ ಅನ್ನಿಸಿತು. ಕೆಂಚವ್ವೆ ರಾಜನ ನೆರಳಿನಲ್ಲಿ ಕುಳಿತಳು, ರಾಜ ಓಡಲಿಲ್ಲ. ಅಲ್ಲಿಗೆ ನನ್ನ ಪುಸ್ತಕ ಮುಗಿಯುತ್ತದೆ. ಶಿವರಂಜನಿ ಮುಗಿಸಲಿಲ್ಲ. “ಕೂತಲ್ಲೇ ಅವಳಿಗೆ ನಿದ್ದೆ ಬಂತು. ಹೊತ್ತು ವಾಲ್ತಾ ಇತ್ತಲ್ಲ, ನೆರಳು ಅವಳ ಮುಖ ಬಿಟ್ಟು ಸರೀತಿತ್ತು. ಆ ಭಾರದ ಕಾಲು ಎಳ್ಕೊಂಡು ರಾಜ ತಾನೂ ಸರೀತಾ ಹೋದ, ಅವಳಿಗೆ ಎಚ್ಚರ ಆಗದಂಗೆ. ರಾಜನ್ನ ಒಯ್ಯೋಕೆ ಬರೋನು, ಮೃತ್ಯು, ಬಂದು ಬಾಗಿಲಲ್ಲಿ ನಿಂತಿದ್ದ. ಅವಳು ಏಳೋವರೆಗೂ ಕಾಯ್ತೀನಿ ಅಂದ.”

ನನ್ನ ಪುಸ್ತಕದಲ್ಲಿ ಅದು ಇರಲಿಲ್ಲ. ಪುಸ್ತಕ ಆಗಲೇ ಅಚ್ಚಾಗಿ ಅಂಗಡಿ ಸೇರಿತ್ತು.

ಬರೆಯುವವರಾದ ನಮಗೆ ಕತೆಯನ್ನು ಮುಗಿಸುವ ಚಪಲ ವಿಪರೀತ. ಮುಗಿಸಿ, ಕೆಳಗೊಂದು ಗೆರೆ ಎಳೆದು, ಹೆಸರು ಹಾಕಿಕೊಂಡು ಎದ್ದುಬಿಡುತ್ತೇವೆ. ಬಸವೇಶನ ಕುಲದವರು ಏಳುವುದಿಲ್ಲ. ಊರಿಗೊಬ್ಬರಾದರೂ ಅಂಥವರಿರುತ್ತಾರೆ, ಅವರ ಹೆಸರು ಯಾವ ರಕ್ಷಾಪುಟದ ಮೇಲೂ ಕಾಣುವುದಿಲ್ಲ, ಅವರೆದುರು ಕುಳಿತವರೆಲ್ಲ ತಮ್ಮಲ್ಲಿ ಇದ್ದದ್ದಕ್ಕಿಂತ ಹೆಚ್ಚನ್ನು ಹೇಳಿ ಎದ್ದು ಹೋಗುತ್ತಾರೆ. ಅಂಥವರನ್ನು ಕಂಡು ಕರುಬದೆ ಇರುವುದು ನನ್ನಂಥವನಿಗೆ ಈ ಜನ್ಮದಲ್ಲಿ ಸಾಧ್ಯವಿಲ್ಲ. ಅವತ್ತು ಬಾಗೂರಿನಲ್ಲಿ ಹೆಂಡತಿ ಅಷ್ಟು ಹೇಳಿ ನೀರು ಕುಡಿದಳು. ಬಸವೇಶ ಬಾಯಿ ತೆರೆಯುವ ಮೊದಲೇ, ಅವನಿಗಿಂತ ಮೊದಲೇ, “ಆಮೇಲೆ?” ಎಂದು ಕೇಳಿದವನು ನಾನು.