ಎಡಗಡೆಯ ಕಂಬಿ

ಟಣ್. ಟಣ್. ಟಣ್. ಆಮೇಲೆ ಒಂದು ಥಪ್.

ನಡುರಾತ್ರಿ ಅವಳು ಹಾಸಿಗೆಯಲ್ಲೇ ಕಣ್ಣು ಬಿಟ್ಟಳು. ಹಿತ್ತಲ ಶೆಡ್ಡಿನಲ್ಲಿ ಯಾರೋ ಕಾರಿನ ಚಾಸಿಯನ್ನು, ಅದರ ಅಡಿಯ ಕಬ್ಬಿಣದ ಚೌಕಟ್ಟನ್ನು, ಸಣ್ಣ ಸುತ್ತಿಗೆಯಿಂದ ಬಡಿದು ನೋಡುತ್ತಿದ್ದರು. ಗಟ್ಟಿ ಕಬ್ಬಿಣ ಟಣ್ಣೆನ್ನುತ್ತದೆ, ಒಳಗೊಳಗೇ ತುಕ್ಕು ತಿಂದದ್ದು ಥಪ್ಪೆನ್ನುತ್ತದೆ. ಸ್ಪ್ಯಾನರನ್ನು ಎರಡೂ ಕೈಯಲ್ಲಿ ಎತ್ತಬೇಕಾದ ವಯಸ್ಸಿನಲ್ಲೇ ಅಪ್ಪ ಅವಳಿಗೆ ಇದನ್ನು ಕಲಿಸಿದ್ದರು. ಥಪ್ಪೆಂದ ಜಾಗದಲ್ಲೇ ಸುತ್ತಿಗೆ ಇನ್ನೊಮ್ಮೆ ಬಿತ್ತು, ಮೊದಲಿಗಿಂತ ಮೆಲ್ಲಗೆ. ಅಣ್ಣನೇ ಇರಬೇಕು, ಬೆಳಿಗ್ಗೆ ಹೇಳುತ್ತಾನೆ ಎಂದುಕೊಂಡು ಮಗ್ಗುಲು ಬದಲಿಸಿದಳು.

ಬೆಳಿಗ್ಗೆ ಅಣ್ಣ ಏನೂ ಹೇಳಲಿಲ್ಲ. ಅವಳು ಕಪ್ಪು ಬಣ್ಣದ ಡಬ್ಬಿ ಹಿಡಿದು ಶೆಡ್ಡಿಗೆ ಹೋದಳು.

ಅದು ಅಪ್ಪನ ಹಳೆಯ ಸ್ಪೋರ್ಟ್ಸ್ ಕಾರು, ಎರಡೇ ಸೀಟಿನದು. ಅದರ ಕೆಂಪು ಬಾಡಿಯನ್ನು ತೊಲೆಗೆ ಸರಪಳಿ ಕಟ್ಟಿ ಮೇಲಕ್ಕೆ ಏರಿಸಿದ್ದರು. ಕೆಳಗೆ ಸ್ಟ್ಯಾಂಡುಗಳ ಮೇಲೆ ಬರಿಯ ಚಾಸಿ. ತಿಂಗಳುಗಟ್ಟಲೆ ನೆಲದ ಮೇಲೆ ಅಂಗಾತ ಮಲಗಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ವೈರ್ ಬ್ರಶ್ಶಿನಿಂದ ಅದರ ತುಕ್ಕು ಕೆರೆದವಳು ಅವಳು. ಉಪ್ಪುಕಾಗದ ತಿಕ್ಕಿ ಪ್ರೈಮರ್ ಬಳಿದವಳೂ ಅವಳೇ. ಅಣ್ಣ ಫೋಟೋ ತೆಗೆಯುತ್ತಿದ್ದ. ಕೈಗವಸು ತೊಟ್ಟ ಅವಳ ಕೈಗಳ ಫೋಟೋ ಹಾಕಿ, ಕೆಳಗೆ ‘ನನ್ನ ಗಾಡಿ, ನನ್ನ ಶ್ರಮ’ ಎಂದು ಬರೆಯುತ್ತಿದ್ದ. ಭಾನುವಾರ ಅವನ ಸ್ನೇಹಿತರು ಬಂದು ಬಾಡಿಯನ್ನು ಚಾಸಿಯ ಮೇಲೆ ಕೂರಿಸುವವರಿದ್ದರು.

ಚಾಸಿಯ ಎಡಗಡೆಯ ಉದ್ದ ಟೊಳ್ಳು ಕಂಬಿಯ ಅಡಿಯಲ್ಲಿ, ಹಿಂದಿನ ಚಕ್ರದ ಸ್ಪ್ರಿಂಗು ಕೂರುವ ಜಾಗದಲ್ಲಿ, ಅವಳ ಬೆರಳು ನಿಂತಿತು. ಅಲ್ಲಿ ಕಂಬಿ ತೀರಾ ನುಣುಪಾಗಿತ್ತು. ಹಸಿ ಪ್ರೈಮರಿನ ವಾಸನೆ. ಸ್ಕ್ರೂಡ್ರೈವರ್ ಒತ್ತಿದಳು, ಕಬ್ಬಿಣಕ್ಕೆ ತಾಕದೆ ಅದು ಸಲೀಸಾಗಿ ಒಳಗೆ ಹೋಯಿತು. ತೂತು ಮುಚ್ಚಲು ಮೆತ್ತಿದ ಬೂದುಬಣ್ಣದ ಪುಟ್ಟಿಯ ಚಕ್ಕೆ ಕಳಚಿ ಬಿತ್ತು, ಅದರ ಹಿಂದೆಯೇ ಒಂದು ಮುಷ್ಟಿ ಕೆಂಪು ಪುಡಿ.

ಅವಳಿಗೆ ಮೈಯೆಲ್ಲ ಉರಿಯಿತು. ಚಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ನೇರ ಅಡುಗೆಮನೆಗೆ ನುಗ್ಗಿದಳು. ಅಣ್ಣ ಫೋನು ನೋಡುತ್ತ ಕಾಫಿ ಕುಡಿಯುತ್ತಿದ್ದ. ಅಪ್ಪ ಕಿಟಕಿಯ ಪಕ್ಕ ಕೂತಿದ್ದರು.

“ಏನೋ ಇದು?”

“ಪುಟ್ಟಿ. ಯಾಕೆ?”

“ಸ್ಪ್ರಿಂಗು ಕೂರೋ ಜಾಗಕ್ಕೆ ಮೆತ್ತಿದ್ದೀಯಲ್ಲ, ನಾಚಿಕೆ ಆಗಲ್ವಾ? ಮೇಲೆ ಬಾಡಿ ಕೂತ್ರೆ ಯಾರ ಕಣ್ಣಿಗೂ ಬೀಳಲ್ಲ ಅಂತ ತಾನೆ? ತಿರುವಲ್ಲಿ ಚಕ್ರ ಕಿತ್ತುಕೊಂಡು ಹೋದ್ರೆ ಒಳಗೆ ಕೂತಿರೋರು ಯಾರು, ನಿನ್ನ ಫೋಟೋನಾ?”

“ಲೇ ಗುಬ್ಬಿ, ನಾನು ಮುಟ್ಟೇ ಇಲ್ಲ ಕಣೇ!”

“ಅದು ಗೊತ್ತು ಬಿಡು. ಇಷ್ಟು ದಿನದಲ್ಲಿ ಕ್ಯಾಮೆರಾ ಬಿಟ್ಟು ಬೇರೆ ಏನು ಮುಟ್ಟಿದ್ದೀಯ ನೀನು? ಮುಟ್ಟಿದ್ದು ಇದೊಂದೇ, ಇದೂ ಮೋಸ!”

“ನನಗೆ ಪುಟ್ಟಿ ಕಲಸೋಕೆ ಬರುತ್ತಾ? ನೀನೇ ಹೇಳು.”

ಒಂದೇ ಒಂದು ಸಲ ಅವನು ಪುಟ್ಟಿ ಕಲಸಿದ್ದ. ಅದು ಕಲ್ಲಾಗಿ, ಚಮಚದ ಸಮೇತ ಇನ್ನೂ ಡಬ್ಬಿಯ ಮುಚ್ಚಳಕ್ಕೆ ಅಂಟಿಕೊಂಡಿತ್ತು.

“ಬಿಡೇ,” ಅಂದರು ಅಪ್ಪ. “ಆದದ್ದಾಯ್ತು. ಬೆಳಬೆಳಿಗ್ಗೆ ಯಾಕೆ ಕಿರುಚಾಟ?”

ಬಿಡುವುದೇ? ಹಿಂದೊಮ್ಮೆ ತುಕ್ಕಿನ ಮೇಲೆ ಪುಟ್ಟಿ ಮೆತ್ತಿದ ಮೆಕ್ಯಾನಿಕ್‌ನ ಕೈಯಿಂದ ಡಬ್ಬಿ ಕಿತ್ತು ಬೀದಿಗೆ ಎಸೆದಿದ್ದ ಅಪ್ಪ ಹೇಳುವ ಮಾತೇ ಇದು? ಅವಳು ತಿರುಗಿದಳು. ಲೋಟ ಹಿಡಿದ ಅವರ ಹೆಬ್ಬೆರಳಿನ ಉಗುರಿನ ಸುತ್ತ ಬೂದುಬಣ್ಣದ ಪುಟ್ಟಿ ಒಣಗಿ ಬಿರಿದಿತ್ತು. ಅವಳು ನೋಡಿದ್ದನ್ನು ಅಪ್ಪ ನೋಡಿದರು. ಲೋಟ ಕೆಳಗಿಟ್ಟರು, ಹೆಬ್ಬೆರಳು ಮೆಲ್ಲಗೆ ಮುಷ್ಟಿಯೊಳಗೆ ಸೇರಿತು.

ನಿನಗೂ ನಾಚಿಕೆಯಾಗಲಿಲ್ಲವೇ ಎಂದು ಕೇಳಲು ಅವಳು ಬಾಯಿ ತೆರೆದಿದ್ದಳು.

“ಅಂದ್ರೆ ಇದು ಮೂರನೇ ತೂತು,” ಎಂದ ಅಣ್ಣ. “ಹೋದ ವಾರ ಊಟಕ್ಕೆ ಕೂತಾಗಲೇ ಹೇಳಿದ್ನಲ್ಲ, ಇನ್ನೊಂದು ಸಿಕ್ಕಿದ್ರೆ ನಾನು ದುಡ್ಡು ಹಾಕಲ್ಲ, ಸೀದಾ ಗುಜರಿ ಅಂತ. ಫೋನು ಮಾಡ್ಲಾ?”

ಅಪ್ಪ ಕಿಟಕಿಯತ್ತ ಮುಖ ತಿರುಗಿಸಿದರು. ಆ ಊಟದ ದಿನ ಅವರು ತಟ್ಟೆಯಿಂದ ತಲೆ ಎತ್ತಿರಲಿಲ್ಲ. ಅವಳಿಗೆ ಅದು ಈಗ ನೆನಪಾಯಿತು. ಸಿಟ್ಟು ಇಳಿಯಲಿಲ್ಲ. ಯಾರ ಮೇಲೆ ಹರಿಯಬೇಕೆಂದು ಮಾತ್ರ ತಿಳಿಯಲಿಲ್ಲ.

“ಹಚ್ಚಿದ್ದು ನಾನೇ,” ಅಂದಳು.

“ಏನಂದೆ?”

“ನಿನ್ನ ಗುಜರಿ ಮಾತಿಗೆ ಹೆದರಿ ಹಚ್ಚಿದೆ. ಈಗ ನಿನ್ನ ತಲೆಗೆ ಕಟ್ಟೋಣ ಅಂದ್ಕೊಂಡೆ. ಸಾಕಾ?”

ಅಣ್ಣ ಕುರ್ಚಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಅಯ್ಯೋ ನನ್ನ ಮಹಾತಾಯಿ! ಒಂಚೂರು ಧೂಳು ಕೂತ್ರೆ ಅಳೋಳು ನೀನು! ಭಾನುವಾರ ಎಲ್ಲರ ಮುಂದೆ ಹೇಳ್ತೀನಿ ತಾಳು.”

“ಹೇಳ್ಕೋ. ಗುಜರಿಯವನಿಗೆ ಫೋನು ಹೋಯ್ತೋ, ಆ ಫೋಟೋದಲ್ಲಿರೋ ಕೈ ಯಾರದು ಅಂತ ನಾನೂ ಅವರ ಮುಂದೆ ಹೇಳ್ತೀನಿ.”

ನಗು ನಿಂತಿತು. ಅಣ್ಣ ಫೋನನ್ನು ಬೋರಲು ಹಾಕಿದ. “ವೆಲ್ಡಿಂಗ್‌ನವನನ್ನ ಕರೆಸಿ ಸಾಯಿ,” ಎಂದು ಎದ್ದು ಹೋದ.

ಅವಳು ಶೆಡ್ಡಿಗೆ ವಾಪಸು ಬಂದು, ಉಳಿ ಹಿಡಿದು, ಉಳಿದ ಪುಟ್ಟಿಯನ್ನು ಒಡೆಯತೊಡಗಿದಳು. ಒಂದೊಂದು ಏಟೂ ಬೇಕಾದ್ದಕ್ಕಿಂತ ಜೋರಾಗಿಯೇ ಬಿತ್ತು. ಭಾನುವಾರ ಆ ಗಂಡಸರೆಲ್ಲ ಇದೇ ಕಂಬಿಯ ಸುತ್ತ ನಿಂತು ಅವಳನ್ನು ನೋಡಿ ನಗುತ್ತಾರೆ. ನಗಲಿ. ಆದರೆ ತನಗೆ ಎಲ್ಲವನ್ನೂ ಕಲಿಸಿದ್ದು ಈ ಪುಟ್ಟಿ ಮೆತ್ತಿದ ಅಪ್ಪನ ಕೈಯೇ ತಾನೆ? ಬಾಗಿಲ ಬಳಿ ಚಪ್ಪಲಿಯ ಸದ್ದಾಯಿತು. ಅವಳು ತಲೆ ಎತ್ತಲಿಲ್ಲ.

“ಬಡಿದಾಗಲೇ ನನಗೆ…” ಅಪ್ಪ ಮಾತು ಶುರುಮಾಡಿದರು.

“ಯಾರು ಬಡಿದ್ರು? ನನಗೇನೂ ಕೇಳಿಸಲಿಲ್ಲ.”

ಅಪ್ಪ ಸ್ಟೂಲು ಎಳೆದುಕೊಂಡು ಕಂಬಿಯ ಪಕ್ಕ ಕೂತರು. ಇದು ಅಣ್ಣನಿಗಾಗಲಿ, ಭಾನುವಾರ ಬರುವವರಿಗಾಗಲಿ, ಯಾರಿಗೂ ಯಾವತ್ತೂ ಗೊತ್ತಾಗಬಾರದು. ಅವಳ ಬಾಯಿಂದಂತೂ ಹೊರಡುವುದಿಲ್ಲ. ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯ ಚೂರೊಂದನ್ನು ಅವರ ಮುಖ ನೋಡದೆಯೇ ಅವರತ್ತ ಚಾಚಿದಳು.

ಅಪ್ಪ ಅದನ್ನು ತೆಗೆದುಕೊಂಡು, ತಲೆ ಬಗ್ಗಿಸಿ, ಹೆಬ್ಬೆರಳಿನ ಉಗುರನ್ನು ಉಜ್ಜತೊಡಗಿದರು.