ಪೂಲಿನ ಕೆಳಗೆ ಸಿಕ್ಕಿಬಿದ್ದ ದೇವರ ಹೂವು

ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಮಳೆನೀರು ಹರಿಯುವ ಒಂದು ನಾಲಾ. ಅದರ ಮೇಲೊಂದು ಪುಟ್ಟ ಕಾಲುಸೇತುವೆ. ಜನ ಅದನ್ನು ‘ಪೂಲು’ ಅನ್ನುತ್ತಿದ್ದರು. ಇಬ್ಬರು ಎದುರಾದರೆ ಒಬ್ಬರು ಮೈ ಓರೆ ಮಾಡಿಕೊಳ್ಳಬೇಕು, ಅಷ್ಟು ಸಣ್ಣದು. ಆದರೆ ಸಂಜೆಯ ಗಾಳಿಯೆಲ್ಲ ಅಲ್ಲೇ! ವಿಜಾಪುರದ ಕಡೆಯಿಂದ ಬಂದ ಸಾವಂತ್ರವ್ವನಿಗೆ ಇಡೀ ಪುಣೆಯಲ್ಲಿ ತನ್ನದು ಅನಿಸಿದ ಜಾಗ ಅದೊಂದೇ. ಆಚೆ ದಂಡೆಯಿಂದ ಸೊಲ್ಲಾಪುರದ ರಂಗೂಬಾಯಿ ಬರುತ್ತಿದ್ದಳು. ಇಬ್ಬರೂ ಪೂಲಿನ ಕಟ್ಟೆಯ ಮೇಲೆ ಕೂತು ಮೆಂತ್ಯ ಸೋಸುತ್ತ ಸುಖ-ದುಃಖ ಹಂಚಿಕೊಳ್ಳುತ್ತಿದ್ದರು.

ಪೂಜೆಯ ಬಾಡಿದ ಹೂವು, ಬಿಲ್ವಪತ್ರಿ ಕಾಲಿಗೆ ತಾಗಬಾರದು, ಹರಿಯುವ ನೀರಿಗೇ ಬಿಡಬೇಕು ಎಂಬುದು ಸಾವಂತ್ರವ್ವನ ಊರಿನ ರೂಢಿ. ಅಲ್ಲಿ ಮುತ್ತಲೆಲೆಯಲ್ಲಿ ಕಟ್ಟಿ ಹೊಳೆಗೆ ಬಿಡುತ್ತಿದ್ದರು. ಪುಣೆಗೆ ಬಂದ ಮೇಲೆ ಎಲೆ ಹೋಗಿ ಕ್ಯಾರಿಬ್ಯಾಗ್ ಬಂತು. ಸಾವಂತ್ರವ್ವ ಅದನ್ನೇ ಬಿಗಿಯಾಗಿ ಗಂಟು ಹಾಕಿ, ಪೂಲಿನ ಮೇಲಿಂದ ನಾಲಾಕ್ಕೆ ಒಗೆದು ಕೈ ಮುಗಿಯುತ್ತಿದ್ದಳು. ಓಣಿಯ ಹೆಂಗಸರೆಲ್ಲ ಹಾಗೆಯೇ ಮಾಡುತ್ತಿದ್ದರು.

ಅಂಗನವಾಡಿಯ ತ್ರಿವೇಣಿ ಒಮ್ಮೆ ತಡೆದಳು. "ಅವ್ವಾರ, ಹೂ ಕೊಳೀತಾವ್ರಿ, ಚೀಲ ಕೊಳಿಯೂದಿಲ್ಲ. ಪೂಲಿನ ಕೆಳಗಿನ ಬಾಯಾಗ ಸಿಕ್ಕೊಂಡು ಕೂಡತಾವ. ಜೋರ್ ಮಳಿ ಬಂದ್ರ ನೀರು ಎಲ್ಲಿ ಹೋಗಬೇಕ್ರಿ?"

"ಹೋಗಽ ಹುಡುಗಿ! ದೇವರ ಹೂವಿನಿಂದ ಯಾರಿಗರೆ ಕೆಟ್ಟ ಆಗ್ತದೇನು?"

"ಹೂ ಕುಂಡದಾಗ ಹಾಕಿ ಮಣ್ಣ ಮುಚ್ಚರಿ. ತುಳಸಿಗೆ ಗೊಬ್ಬರ ಆಗ್ತದ."

"ಎಲ್ಲಾರೂ ಒಗೀತಾರ, ನನ್ನೊಂದು ಚೀಲಕ್ಕ ಪ್ರಳಯ ಆಗ್ತದಂತ ನೋಡು!" ಎಂದು ಸಾವಂತ್ರವ್ವ ನಕ್ಕಳು. ರಂಗೂಬಾಯಿಯೂ ನಕ್ಕಳು, ಪಾಪ.

ಶ್ರಾವಣದಲ್ಲಿ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಓಣಿಯಲ್ಲಿ ಬೊಬ್ಬೆ ಎದ್ದಿತು. ಸಾವಂತ್ರವ್ವ ಓಡಿಬಂದು ನೋಡುತ್ತಾಳೆ, ಪೂಲಿನ ಬಾಯಿ ಕಟ್ಟಿ ನೀರೆಲ್ಲ ತಗ್ಗಿನಲ್ಲಿದ್ದ ಆಚೆ ದಂಡೆಗೆ ನುಗ್ಗುತ್ತಿದೆ. ರಂಗೂಬಾಯಿಯ ಮನೆಯ ಬಾಗಿಲು ಮುಳುಗುತ್ತ ಬಂದಿತ್ತು.

"ರಂಗೂ! ಹೊರಗ ಬಾರಽ ಯವ್ವಾ!"

ಸಾವಂತ್ರವ್ವನ ಗಂಡ ಹೊಳಬಸಪ್ಪ ಅವಳ ರಟ್ಟೆ ಹಿಡಿದು ನಿಲ್ಲಿಸಿದ. ಪೂಲಿನ ಮೇಲೇ ನೀರು ಹರಿಯುತ್ತಿತ್ತು, ದಾಟುವಂತಿರಲಿಲ್ಲ. ಒಳಗಿನಿಂದ ರಂಗೂಬಾಯಿ ಒಮ್ಮೆ ಓಗೊಟ್ಟಳು. ಆಮೇಲೆ ಗೋಡೆ ಕುಸಿಯಿತು.

ಮರುದಿನ ನೀರಿಳಿದ ಮೇಲೆ ಹೆಣ ಸಿಕ್ಕಿತು. ಗಂಡಸರು ಪೂಲಿನ ಬಾಯಿಂದ ಕಸ ಎಳೆದು ಹಾಕಿದರು. ಚೀಲವೇ ಚೀಲ! ಒಂದೊಂದರಲ್ಲೂ ಚೆಂಡುಹೂವು, ಪತ್ರಿ. ಯಾವುದು ಯಾರದೆಂದು ಯಾರೂ ಹೇಳುವಂತಿರಲಿಲ್ಲ.

ಸಾವಂತ್ರವ್ವ ಎದೆ ಎದೆ ಬಡಿದುಕೊಂಡಳು. "ಇದರಾಗ ನನ್ನವೂ ಅದಾವ ತ್ರಿವೇಣಿ. ನನ್ನ ಗೆಳತೀನ ನಾನಽ ಕೊಂದೆ."

ತ್ರಿವೇಣಿ ಜೊತೆಗೆ ಕೂತು ಅತ್ತಳು.

ಈಗ ಹೊಳಬಸಪ್ಪನೇ ದಿನಾ ಪೂಜೆಯ ಹೂವನ್ನು ಕುಂಡದ ಮಣ್ಣಿಗೆ ಹಾಕುತ್ತಾನೆ. ಓಣಿಯವರೂ ಹಾಗೆಯೇ ಮಾಡುತ್ತಾರೆ. ಕೆಟ್ಟ ಮೇಲೆ ಬುದ್ಧಿ ಬಂತು, ಹೋದ ಜೀವ ಬರಲಿಲ್ಲ. ಪೂಲು ಇನ್ನೂ ಇದೆ, ಸಾವಂತ್ರವ್ವ ಮಾತ್ರ ಆ ಕಡೆ ಹೋಗುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ನಾಲಾ ಇದ್ದೀತು. ದೇವರ ಹೂವನ್ನು ಮಣ್ಣಿಗೆ ಕೊಡಿ, ಮಳೆಗಾಲಕ್ಕೆ ಮುಂಚೆ ಎಲ್ಲರೂ ಕೂಡಿ ನಾಲಾದ ಕಸ ತೆಗೆಸಿ. ಅಷ್ಟಾಗಿಯೂ ಚೀಲ ಒಗೆಯಲು ಕೈ ಎತ್ತಿದರೆ, ಆಚೆ ದಂಡೆಯಲ್ಲಿ ಯಾರ ಮನೆ ಇದೆ ಎಂದು ಒಮ್ಮೆ ನೋಡಿ.